212ನೇ ಸಾಲಿನ ಆಚೆ

(ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘದ ಲೆಕ್ಕ ವಿಭಾಗ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೂ, ಅದೇ ವಿಭಾಗದಿಂದ ನಿವೃತ್ತರಾಗಿ ಆಗಾಗ ಬಂದುಹೋಗುವ ಹಿರಿಯರೂ ಎಕ್ಸೆಲ್ ಮುಂದೆ ಕೂತಿದ್ದಾರೆ.)

ಕಿರಿಯಳು: ಸರ್, ನಿನ್ನೆ ಮ್ಯಾಕ್ರೋ ರೆಕಾರ್ಡ್ ಮಾಡಿದೆ. ಬಿಲ್ಲಿಂಗ್ ಸಾಫ್ಟ್‌ವೇರಿನಿಂದ ದಿನದ ಪಟ್ಟಿ ಇಳಿಸಿ ಕಂಟ್ರೋಲ್ ಶಿಫ್ಟ್ ಎಂ ಒತ್ತಿದರೆ ಸಾಕು. ಮೇಲಿನ ಮೂರು ಬೇಡದ ಸಾಲು ಹೋಗುತ್ತವೆ, ರದ್ದಾದ ಬಿಲ್ಲುಗಳ ಖಾಲಿ ಸಾಲು ಹೋಗುತ್ತವೆ, ಶೀರ್ಷಿಕೆ ಬೋಲ್ಡ್ ಆಗುತ್ತದೆ, ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆ ಪ್ರಕಾರ ಸಾಲುಗಳು ಜೋಡಣೆಯಾಗುತ್ತವೆ, ಪಕ್ಕದಲ್ಲಿ ಒಟ್ಟು ಮೊತ್ತ ಬರುತ್ತದೆ. ಅದೇ ಪಟ್ಟಿಯ ಇನ್ನೊಂದು ಪ್ರತಿ ತೆಗೆದು ಓಡಿಸಿಯೂ ನೋಡಿದೆ. ಒಂದು ಪೈಸೆ ವ್ಯತ್ಯಾಸ ಇಲ್ಲ. ಇಷ್ಟಾದ ಮೇಲೆ ನೀವು ಯಾಕೆ ಅದರ ಒಳಗೆ ಇಣುಕಿ ನೋಡು ಅನ್ನುತ್ತೀರಿ?

ಹಿರಿಯರು: ನಿನ್ನೆ ಎಷ್ಟು ಬಿಲ್ಲು ಇದ್ದವು?

ಕಿರಿಯಳು: ಖಾಲಿ ಸಾಲು ತೆಗೆದ ಮೇಲೆ 211. ಶೀರ್ಷಿಕೆ ಸೇರಿ 212 ಸಾಲು.

ಹಿರಿಯರು: ಇವತ್ತು 260 ಬಂದರೆ?

ಕಿರಿಯಳು: ಅದಕ್ಕೂ ಹಾಗೇ ಮಾಡುತ್ತದಲ್ಲ.

ಹಿರಿಯರು: ಮಾಡುವುದಿಲ್ಲ. ನಿನ್ನೆಯ ಪಟ್ಟಿಯಲ್ಲಿ ರೆಕಾರ್ಡ್ ಮಾಡಿ ನಿನ್ನೆಯ ಪಟ್ಟಿಯಲ್ಲೇ ಪರೀಕ್ಷೆ ಮಾಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಅದು ಪರೀಕ್ಷೆಯಲ್ಲ. ಆಲ್ಟ್ ಎಫ್8 ಒತ್ತು, ಮ್ಯಾಕ್ರೋದ ಹೆಸರು ಆರಿಸಿ ಎಡಿಟ್ ಒತ್ತು. ಈಗ ಕಾಣುತ್ತಿರುವುದೇ ನೀನು ನಿನ್ನೆ ಮಾಡಿದ ಕೆಲಸ.

ಕಿರಿಯಳು: ಅಯ್ಯೋ, ಇದೆಲ್ಲ ಪ್ರೋಗ್ರಾಮಿಂಗ್. ನಾನು ಓದಿದ್ದು ಬಿಕಾಂ, ಸರ್.

ಹಿರಿಯರು: ಬರೆಯಲು ಹೇಳಿಲ್ಲ, ಓದಲು ಹೇಳಿದೆ. ಇದು ವಿಬಿಎ ಭಾಷೆ. 1993ರಲ್ಲಿ ಎಕ್ಸೆಲ್ 5ರ ಜೊತೆ ಬಂತು, ಇವತ್ತಿಗೂ ಎಕ್ಸೆಲ್ ಒಳಗೆ ಇದೇ ಇದೆ. ಕಲಿತದ್ದು ವ್ಯರ್ಥವಾಗುವುದಿಲ್ಲ. ಆ ಲೈನ್ ಓದು, ‘ರೋಸ್ 1:3 ಸೆಲೆಕ್ಟ್’. ಅದರ ಕೆಳಗೆ ‘ಸೆಲೆಕ್ಷನ್ ಡಿಲೀಟ್’. ಏನು ಅರ್ಥ?

ಕಿರಿಯಳು: ಒಂದರಿಂದ ಮೂರನೇ ಸಾಲಿನವರೆಗೆ ಆರಿಸಿಕೊ, ಆರಿಸಿದ್ದನ್ನು ಅಳಿಸು. ಸಂಘದ ಹೆಸರು, ವಿಳಾಸ, ದಿನಾಂಕ ಇರುವ ಮೂರು ಸಾಲು.

ಹಿರಿಯರು: ಆ ಮೂರು ಸಾಲಿನಲ್ಲಿ ಏನಿತ್ತು ಎಂದು ಕೋಡಿನಲ್ಲಿ ಎಲ್ಲಾದರೂ ಬರೆದಿದೆಯೇ?

ಕಿರಿಯಳು: ಇಲ್ಲ.

ಹಿರಿಯರು: ಇನ್ನೂ ಕೆಳಗೆ ಬಾ. 47ನೇ ಸಾಲು ಅಳಿಸು, 118ನೇ ಸಾಲು ಅಳಿಸು ಎಂದಿದೆ.

ಕಿರಿಯಳು: ಅವು ನಿನ್ನೆ ರದ್ದಾದ ಬಿಲ್ಲುಗಳು. ಖಾಲಿ ಇದ್ದವು... ಸರ್, ಇವತ್ತು ಆ ಜಾಗದಲ್ಲಿ ಖಾಲಿ ಸಾಲು ಇರುವುದಿಲ್ಲ.

ಹಿರಿಯರು: ಇರುವುದಿಲ್ಲ. ಅಲ್ಲಿ ಇಬ್ಬರು ರೈತರ ಬಿಲ್ಲು ಇರುತ್ತದೆ. ನಿನ್ನ ಮ್ಯಾಕ್ರೋ ಅವನ್ನು ಅಳಿಸುತ್ತದೆ, ಯಾವ ದೋಷದ ಸಂದೇಶವೂ ಬರುವುದಿಲ್ಲ. ಆಮೇಲೆ 212ನೇ ಸಾಲಿನವರೆಗೆ ಜೋಡಿಸಿ 212ನೇ ಸಾಲಿನವರೆಗೆ ಕೂಡುತ್ತದೆ. ಅದರ ಆಚೆ ಇರುವ ಬಿಲ್ಲುಗಳು ಹಾಳೆಯಲ್ಲಿ ಇರುತ್ತವೆ, ಒಟ್ಟು ಮೊತ್ತದಲ್ಲಿ ಇರುವುದಿಲ್ಲ. ನಿಂತುಹೋಗುವ ಮ್ಯಾಕ್ರೋದಿಂದ ನಷ್ಟ ಕಡಿಮೆ, ಯಾಕೆಂದರೆ ನಿಂತದ್ದು ಕಣ್ಣಿಗೆ ಕಾಣುತ್ತದೆ. ತಪ್ಪು ಮೊತ್ತವನ್ನು ಸರಿಯಾದ ಮೊತ್ತದ ಹಾಗೆ ತೋರಿಸುವುದೇ ಅಪಾಯ. ಆ ಸಾಲುಗಳು ಒಬ್ಬೊಬ್ಬರ ವರ್ಷದ ದುಡಿಮೆ, ಅಮ್ಮ.

ಕಿರಿಯಳು: ಹಾಗಾದರೆ ರೆಕಾರ್ಡ್ ಮಾಡುವುದೇ ತಪ್ಪೇ? ಬೇರೆ ದಾರಿ ಹಿಡಿಯಬೇಕಿತ್ತೇ?

ಹಿರಿಯರು: ರೆಕಾರ್ಡರ್ ಒಳ್ಳೆಯ ಆರಂಭ. ಅದರ ಮಿತಿ ಗೊತ್ತಿರಬೇಕು ಅಷ್ಟೇ. ಅದು ನಿನ್ನ ಕೈ ಏನು ಮಾಡಿತು ಎಂಬುದನ್ನು ಬರೆದುಕೊಳ್ಳುತ್ತದೆ. ಯಾಕೆ ಮಾಡಿತು ಎಂಬುದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ‘ಖಾಲಿ ಇದ್ದರೆ’ ಎಂಬ ಷರತ್ತನ್ನಾಗಲಿ, ‘ಪ್ರತಿಯೊಂದು ಸಾಲಿಗೂ’ ಎಂಬ ಪುನರಾವರ್ತನೆಯನ್ನಾಗಲಿ ರೆಕಾರ್ಡ್ ಮಾಡುವುದಕ್ಕೆ ಆಗುವುದಿಲ್ಲ. ಅವು ನಿನ್ನ ತಲೆಯೊಳಗೆ ನಡೆದ ತೀರ್ಮಾನಗಳು. ಮ್ಯಾಕ್ರೋ ಸುಧಾರಿಸುವುದು ಎಂದರೆ ಆ ತೀರ್ಮಾನಗಳನ್ನು ಒಂದೊಂದಾಗಿ ಕೋಡಿನೊಳಗೆ ತರುವುದು. ಬಿಕಾಂ ಓದಿದವಳಿಗೆ ಅದು ಸಾಧ್ಯ.

ಕಿರಿಯಳು: ಎಲ್ಲಿಂದ ಶುರು ಮಾಡಲಿ? 212 ಅನ್ನು 1000 ಮಾಡಿಬಿಡಲೇ?

ಹಿರಿಯರು: ಅವಸರ ಬೇಡ. ಮೊದಲು ಇದು ಓದಲು ಬರುವ ಹಾಗೆ ಆಗಲಿ. ಫೈಲಿನ ಒಂದು ಪ್ರತಿ ಮಾಡಿಕೊ. ಎಕ್ಸೆಲ್ ಕಿಟಕಿ ಒಂದು ಪಕ್ಕ, ಕೋಡಿನ ಕಿಟಕಿ ಇನ್ನೊಂದು ಪಕ್ಕ ಇಟ್ಟುಕೊ. ಕೋಡಿನೊಳಗೆ ಕ್ಲಿಕ್ ಮಾಡಿ ಎಫ್8 ಒತ್ತು. ಒತ್ತಿದಷ್ಟು ಸಲ ಒಂದೊಂದೇ ಲೈನ್ ಓಡುತ್ತದೆ, ಮುಂದೆ ಓಡಬೇಕಾದ ಲೈನ್ ಹಳದಿಯಾಗುತ್ತದೆ. ಯಾವ ಲೈನ್ ಹಾಳೆಯಲ್ಲಿ ಏನು ಮಾಡಿತು ಎಂದು ಕಣ್ಣಾರೆ ನೋಡು.

ಕಿರಿಯಳು: ಇಲ್ಲಿ ‘ಆಕ್ಟಿವ್ ವಿಂಡೋ ಸ್ಕ್ರೋಲ್ ರೋ’ ಅಂತ ತುಂಬ ಲೈನ್ ಇವೆ. ಇವು ಏನೂ ಮಾಡುತ್ತಿಲ್ಲ, ಹಾಳೆ ಮೇಲೆ ಕೆಳಗೆ ಹೋಗುತ್ತಿದೆ.

ಹಿರಿಯರು: ನೀನು ಖಾಲಿ ಸಾಲು ಹುಡುಕುತ್ತಾ ಹಾಳೆ ಸರಿಸಿದ್ದು. ಅದನ್ನೂ ಬರೆದುಕೊಂಡಿದೆ. ಅವನ್ನೆಲ್ಲ ಅಳಿಸು. ಮುಂದೆ ಫಾಂಟಿನದು ನೋಡು.

ಕಿರಿಯಳು: ನಾನು ಫಾಂಟಿನ ಡಬ್ಬಿ ತೆರೆದು ಬೋಲ್ಡ್ ಮಾತ್ರ ಆರಿಸಿದ್ದು. ಇಲ್ಲಿ ನೋಡಿದರೆ ಫಾಂಟಿನ ಹೆಸರು, ಅಳತೆ, ಸ್ಟ್ರೈಕ್‌ಥ್ರೂ ಇಲ್ಲ, ಸೂಪರ್‌ಸ್ಕ್ರಿಪ್ಟ್ ಇಲ್ಲ ಅಂತ ಇಡೀ ಪಟ್ಟಿಯೇ ಇದೆ.

ಹಿರಿಯರು: ಡಬ್ಬಿಯಲ್ಲಿ ಓಕೆ ಒತ್ತಿದಾಗ ಅದರಲ್ಲಿದ್ದ ಎಲ್ಲ ಆಯ್ಕೆಗಳೂ ದಾಖಲಾಗುತ್ತವೆ. ನಿನಗೆ ಬೇಕಾದದ್ದು ಒಂದೇ, ಬೋಲ್ಡ್. ಉಳಿದದ್ದು ತೆಗೆ. ಪೇಜ್ ಸೆಟಪ್ ರೆಕಾರ್ಡ್ ಮಾಡಿದರೂ ಇದೇ ಕಥೆ, ಅಲ್ಲಿ ಇನ್ನೂ ಉದ್ದದ ಪಟ್ಟಿ. ಆ ಲೈನುಗಳಿಗಾಗಿ ಎಕ್ಸೆಲ್ ಪ್ರಿಂಟರಿನ ಜೊತೆ ಮಾತಾಡಲು ಹೋಗುವುದರಿಂದ ಮ್ಯಾಕ್ರೋ ಅಲ್ಲೇ ನಿಧಾನವಾಗಬಹುದು. ಪುಟ ಅಡ್ಡಡ್ಡ ಬರಬೇಕು ಎಂದಷ್ಟೇ ಇದ್ದರೆ ಆ ಒಂದು ಲೈನ್ ಇಟ್ಟುಕೊಂಡರೆ ಸಾಕು.

ಕಿರಿಯಳು: ‘ರೇಂಜ್ ಎ1:ಜಿ1 ಸೆಲೆಕ್ಟ್’, ಆಮೇಲೆ ‘ಸೆಲೆಕ್ಷನ್ ಡಾಟ್ ಫಾಂಟ್ ಡಾಟ್ ಬೋಲ್ಡ್ ಈಕ್ವಲ್ ಟು ಟ್ರೂ’. ಇದು ಸರಿಯಾಗಿಯೇ ಇದೆಯಲ್ಲ?

ಹಿರಿಯರು: ಎರಡನ್ನು ಒಂದು ಮಾಡಬಹುದು. ‘ಸೆಲೆಕ್ಟ್’ನಿಂದ ಮುಂದಿನ ‘ಸೆಲೆಕ್ಷನ್’ವರೆಗೆ ಅಳಿಸಿ ಎರಡು ತುದಿಯನ್ನೂ ಕೂಡಿಸಿಬಿಡು. ‘ರೇಂಜ್ ಎ1:ಜಿ1 ಡಾಟ್ ಫಾಂಟ್ ಡಾಟ್ ಬೋಲ್ಡ್ ಈಕ್ವಲ್ ಟು ಟ್ರೂ’ ಎಂದಾಗುತ್ತದೆ. ಮನುಷ್ಯನ ಕೈಗೆ ಮೊದಲು ಆರಿಸಿ ಆಮೇಲೆ ಬದಲಿಸುವುದು ಅನಿವಾರ್ಯ. ಕೋಡಿಗೆ ಆ ಅನಿವಾರ್ಯ ಇಲ್ಲ, ಅದು ಎಲ್ಲಿದ್ದರೂ ಯಾವ ಕೋಶವನ್ನಾದರೂ ಮುಟ್ಟಬಲ್ಲದು.

ಕಿರಿಯಳು: ಮಾಡಿದೆ. ಕೋಡ್ ಅರ್ಧಕ್ಕಿಂತ ಕಡಿಮೆ ಆಯಿತು. ಆದರೆ ಸರ್, 47 ಹಾಗೇ ಇದೆ, 118 ಹಾಗೇ ಇದೆ, 212 ಹಾಗೇ ಇದೆ. ತಪ್ಪು ಒಂದೂ ಹೋಗಲಿಲ್ಲ.

ಹಿರಿಯರು: ಹೋಗಲಿಲ್ಲ, ಕಣ್ಣಿಗೆ ಬಿತ್ತು. ಸ್ಕ್ರೋಲುಗಳ ನಡುವೆ ಅವು ಅಡಗಿದ್ದವು. ಈಗ ಕೋಡಿನಲ್ಲಿ ಉಳಿದಿರುವ ಪ್ರತಿಯೊಂದು ಅಂಕಿಯ ಮೇಲೂ ಬೆರಳಿಟ್ಟು ಒಂದು ಪ್ರಶ್ನೆ ಕೇಳು: ಈ ಅಂಕಿ ಎಲ್ಲ ದಿನಕ್ಕೂ ನಿಜವೋ, ನಿನ್ನೆಗೆ ಮಾತ್ರ ನಿಜವೋ?

ಕಿರಿಯಳು: ಎ1ರಿಂದ ಜಿ1, ಎಲ್ಲ ದಿನಕ್ಕೂ ನಿಜ. ಕಾಲಂಗಳು ಬದಲಾಗುವುದಿಲ್ಲ. ದಿನಾಂಕ, ಸದಸ್ಯ ಸಂಖ್ಯೆ, ಬಗೆ, ಚೀಲ, ತೂಕ, ದರ, ಮೊತ್ತ. 212 ನಿನ್ನೆಗೆ ಮಾತ್ರ. ಒಟ್ಟು ಮೊತ್ತದ ಲೈನಿನಲ್ಲಿ 212 ಕಾಣುತ್ತಿಲ್ಲ, ಏನೋ ಆರ್, ಸಿ ಅಂತ ಇದೆ. ಚೌಕ ಆವರಣದಲ್ಲಿ 1, ಮೈನಸ್ 3, 211.

ಹಿರಿಯರು: ಅದೂ 212ನೇ ಸಾಲೇ, ಬೇರೆ ಬರವಣಿಗೆಯಲ್ಲಿ. ಆರ್ ಎಂದರೆ ರೋ, ಸಿ ಎಂದರೆ ಕಾಲಂ. ನೀನು ಜೆ1ರಲ್ಲಿ ಕೂತು ಸೂತ್ರ ಬರೆದೆ. ಅಲ್ಲಿಂದ ಒಂದು ಸಾಲು ಕೆಳಗೆ, ಮೂರು ಕಾಲಂ ಎಡಕ್ಕೆ ಎಂದರೆ ಜಿ2. 211 ಸಾಲು ಕೆಳಗೆ ಎಂದರೆ ಜಿ212. ರೆಕಾರ್ಡರ್ ಸೂತ್ರಗಳನ್ನು ಹೀಗೆ ಅಂತರದ ಲೆಕ್ಕದಲ್ಲಿ ಬರೆಯುತ್ತದೆ.

ಕಿರಿಯಳು: 1000 ಅಂತ ಹಾಕಿದರೆ ಏನು ತೊಂದರೆ? ಯಾವ ದಿನವೂ ಸಾವಿರ ಬಿಲ್ಲು ಆಗುವುದಿಲ್ಲ.

ಹಿರಿಯರು: ಕೂಡುವುದಕ್ಕೆ ಇವತ್ತಿಗೆ ತೊಂದರೆ ಇಲ್ಲ. ಆದರೆ ಯಾವತ್ತೋ ಒಂದು ತಿಂಗಳ ಪಟ್ಟಿಯ ಮೇಲೆ ಯಾರೋ ಇದನ್ನು ಓಡಿಸುತ್ತಾರೆ, ಆಗ ಅದೇ ಮೌನದ ತಪ್ಪು. ಊರಿಗೆ ಹೊಸಬನೊಬ್ಬನಿಗೆ ದಾರಿ ಹೇಳುವಾಗ ‘ಇನ್ನೂರು ಹೆಜ್ಜೆ ನಡೆದು ಎಡಕ್ಕೆ ತಿರುಗು’ ಎಂದರೆ ಅವನ ಹೆಜ್ಜೆ ನಿನ್ನ ಹೆಜ್ಜೆಯ ಅಳತೆಯದೇ ಆಗಿರಬೇಕು. ‘ಅರಳಿಕಟ್ಟೆ ಸಿಕ್ಕಿದ ಕೂಡಲೇ ಎಡಕ್ಕೆ’ ಎಂದರೆ ಯಾರು ನಡೆದರೂ ಮನೆ ಸಿಗುತ್ತದೆ. ಕೋಡಿಗೂ ಗುರುತು ಹೇಳಬೇಕು. ಇಲ್ಲಿ ಗುರುತು ಯಾವುದು?

ಕಿರಿಯಳು: ಕೊನೆಯ ಬಿಲ್ಲು. ಕಂಟ್ರೋಲ್ ಹಿಡಿದು ಕೆಳಬಾಣ ಒತ್ತಿದರೆ ಅಲ್ಲಿಗೆ ಹೋಗುತ್ತದೆ.

ಹಿರಿಯರು: ನಡುವೆ ಖಾಲಿ ಕೋಶ ಸಿಕ್ಕಿದರೆ?

ಕಿರಿಯಳು: ಅದರ ಹಿಂದಿನ ಸಾಲಿನಲ್ಲೇ ನಿಲ್ಲುತ್ತದೆ. ರದ್ದಾದ ಬಿಲ್ಲು ಇದ್ದರೆ ಅಲ್ಲೇ ಮುಗಿಯಿತು.

ಹಿರಿಯರು: ಹಾಗಾಗಿ ತಿರುಗುಮುರುಗು ಮಾಡು. ಹಾಳೆಯ ತಳಕ್ಕೆ ಹೋಗಿ ಅಲ್ಲಿಂದ ಮೇಲಕ್ಕೆ ಬಾ. ಮೊದಲು ಸಿಗುವ ತುಂಬಿದ ಕೋಶವೇ ಕೊನೆಯ ಬಿಲ್ಲು. ಕೋಡಿನಲ್ಲಿ ಅದನ್ನು ‘ಸೆಲ್ಸ್, ರೋಸ್ ಡಾಟ್ ಕೌಂಟ್, ಬಿ ಕಾಲಂ, ಎಂಡ್ ಎಕ್ಸ್‌ಎಲ್ ಅಪ್, ರೋ’ ಎಂದು ಬರೆಯುತ್ತಾರೆ. ತಳದ ಸಾಲಿನ ಸಂಖ್ಯೆಯನ್ನು ಕೈಯಾರೆ ಬರೆಯಬೇಡ. ಎಕ್ಸೆಲ್ 2003ರವರೆಗೆ ಒಂದು ಹಾಳೆಯಲ್ಲಿ 65,536 ಸಾಲು ಇದ್ದವು, 2007ರಿಂದ 10,48,576. ಹಳೆಯ ಅಂಕಿ ಬರೆದಿಟ್ಟ ಮ್ಯಾಕ್ರೋಗಳು ಹೊಸ ಹಾಳೆಯಲ್ಲಿ ನಡುದಾರಿಯಿಂದ ಹುಡುಕಲು ಶುರು ಮಾಡುತ್ತವೆ. ‘ರೋಸ್ ಡಾಟ್ ಕೌಂಟ್’ ಎಂದರೆ ಹಾಳೆಯನ್ನೇ ಕೇಳಿದ ಹಾಗೆ.

ಕಿರಿಯಳು: ಬಿ ಕಾಲಂ ಯಾಕೆ?

ಹಿರಿಯರು: ಸದಸ್ಯ ಸಂಖ್ಯೆ ಇಲ್ಲದ ಬಿಲ್ಲು ಇರಲಾರದು. ಎಂದೂ ಖಾಲಿ ಬಿಡದ ಕಾಲಂ ಯಾವುದು ಎಂಬುದು ನಿನ್ನ ಕಚೇರಿಯ ಜ್ಞಾನ, ಎಕ್ಸೆಲ್ ಪುಸ್ತಕದಲ್ಲಿ ಸಿಗುವುದಿಲ್ಲ. ಸಿಕ್ಕಿದ ಸಾಲಿನ ಸಂಖ್ಯೆಯನ್ನು ‘ಲಾಸ್ಟ್‌ರೋ’ ಎಂಬ ಹೆಸರಿನಲ್ಲಿ ಇಟ್ಟುಕೊ. 212 ಇದ್ದ ಕಡೆಯೆಲ್ಲ ಆ ಹೆಸರು ಸೇರಿಸು. ‘ರೇಂಜ್ ಜಿ2:ಜಿ’ ಎಂಬುದರ ಮುಂದೆ ಆ್ಯಂಪರ್ಸಂಡ್ ಹಾಕಿ ಲಾಸ್ಟ್‌ರೋ.

ಕಿರಿಯಳು: ಡೆವಲಪರ್ ಟ್ಯಾಬಿನಲ್ಲಿ ‘ಯೂಸ್ ರಿಲೇಟಿವ್ ರೆಫರೆನ್ಸಸ್’ ಅಂತ ಒಂದು ಗುಂಡಿ ಇದೆ. ಅದನ್ನು ಒತ್ತಿ ರೆಕಾರ್ಡ್ ಮಾಡಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲವೇನೋ.

ಹಿರಿಯರು: ಅದು ಬೇರೆ ಕೆಲಸಕ್ಕೆ. ಆ ಗುಂಡಿ ಒತ್ತಿದರೆ ‘ಎ5’ ಎಂದು ಬರೆಯುವ ಬದಲು ‘ಈಗ ಕೂತಿರುವಲ್ಲಿಂದ ನಾಲ್ಕು ಸಾಲು ಕೆಳಗೆ’ ಎಂದು ಬರೆಯುತ್ತದೆ. ಕೂತ ಜಾಗದಲ್ಲಿ ಒಂದು ವಿಳಾಸದ ಚೌಕ ತುಂಬಿಸುವಂಥ ಕೆಲಸಕ್ಕೆ ಒಳ್ಳೆಯದು. ನಾಲ್ಕು ಎಂಬ ಅಂಕಿ ಆಗಲೂ ಗಟ್ಟಿಯಾಗಿಯೇ ಉಳಿಯುತ್ತದೆ, ಪಟ್ಟಿಯ ಉದ್ದ ಅದಕ್ಕೆ ತಿಳಿಯುವುದಿಲ್ಲ. ನಿನ್ನಂಥ ಪಟ್ಟಿಯಲ್ಲಿ ಮೇಲಾಗಿ ಇನ್ನೊಂದು ತೊಡಕು: ಓಡಿಸುವ ಮುನ್ನ ಕರ್ಸರ್ ಎಲ್ಲಿತ್ತು ಎಂಬುದರ ಮೇಲೆ ಫಲ ಬದಲಾಗುತ್ತದೆ.

ಕಿರಿಯಳು: ಸರಿ, 212 ಹೋಯಿತು. ಈಗ 47 ಮತ್ತು 118. ಇದಕ್ಕೆ ‘ಖಾಲಿ ಇದ್ದರೆ’ ಅಂತ ಬರೆಯಬೇಕು, ಅಲ್ಲವೇ?

ಹಿರಿಯರು: ಹೌದು. ನೀನು ಸ್ವಂತವಾಗಿ ಬರೆಯುವ ಮೊದಲ ಲೈನುಗಳು ಇವೇ. ಕೋಡ್ ಬಿಡು, ಕನ್ನಡದಲ್ಲಿ ಹೇಳು.

ಕಿರಿಯಳು: ಎರಡನೇ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದೊಂದೇ ನೋಡು. ಬಿ ಕಾಲಂ ಖಾಲಿ ಇದ್ದರೆ ಆ ಸಾಲು ಅಳಿಸು. ಮುಂದಿನದಕ್ಕೆ ಹೋಗು.

ಹಿರಿಯರು: ಅಷ್ಟೇ. ‘ಫಾರ್’ನಿಂದ ‘ನೆಕ್ಸ್ಟ್’ವರೆಗೆ ಒಂದು ಸುತ್ತು, ಒಳಗೆ ಒಂದು ‘ಇಫ್’. ಆದರೆ ನೀನು ಹೇಳಿದ ಕ್ರಮದಲ್ಲಿ ಒಂದು ಬಿರುಕು ಇದೆ. 10 ಮತ್ತು 11, ಎರಡೂ ಖಾಲಿ ಎಂದುಕೊ. 10 ಅಳಿಸಿದರೆ 11ಕ್ಕೆ ಏನಾಗುತ್ತದೆ?

ಕಿರಿಯಳು: ಮೇಲೆ ಬಂದು 10 ಆಗುತ್ತದೆ. ಆದರೆ ಸುತ್ತು 11ಕ್ಕೆ ಹೋಗಿರುತ್ತದೆ... ಒಂದು ಖಾಲಿ ಸಾಲು ತಪ್ಪಿಸಿಕೊಳ್ಳುತ್ತದೆ! ಕೆಳಗಿನಿಂದ ಮೇಲೆ ಬಂದರೆ?

ಹಿರಿಯರು: ಆಗ ಮೇಲೆ ಸರಿಯುವುದೆಲ್ಲ ಆಗಲೇ ನೋಡಿ ಮುಗಿಸಿದ ಸಾಲುಗಳು. ಲಾಸ್ಟ್‌ರೋದಿಂದ 2ಕ್ಕೆ, ‘ಸ್ಟೆಪ್ ಮೈನಸ್ 1’. ಅಳಿಸುವ ಸುತ್ತು ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಅಳಿಸಿ ಮುಗಿದ ಮೇಲೆ ಲಾಸ್ಟ್‌ರೋ ಇನ್ನೊಮ್ಮೆ ಹುಡುಕಬೇಕು, ಪಟ್ಟಿ ಕಿರಿದಾಗಿರುತ್ತದೆ.

ಕಿರಿಯಳು: ಹೆಸರುಗಳನ್ನು ಮೊದಲೇ ಘೋಷಿಸಬೇಕು ಅಂತ ಕೇಳಿದ್ದೇನೆ. ಇದೇನು ಡಿಮ್ ಅಂತ?

ಹಿರಿಯರು: ಕೋಡಿನ ನೆತ್ತಿಯ ಮೇಲೆ ‘ಆಪ್ಷನ್ ಎಕ್ಸ್‌ಪ್ಲಿಸಿಟ್’ ಎಂದು ಬರೆ. ಇಲ್ಲದಿದ್ದರೆ ಒಂದು ಕಡೆ ಲಾಸ್ಟ್‌ರೋ ಎಂದೂ ಇನ್ನೊಂದು ಕಡೆ ಕೈತಪ್ಪಿ ಲಾಸ್‌ರೋ ಎಂದೂ ಬರೆದರೆ ವಿಬಿಎ ಎರಡನೆಯದನ್ನು ಹೊಸ ಹೆಸರು ಎಂದು ತಿಳಿದು ಖಾಲಿ ಬೆಲೆ ಕೊಟ್ಟು ಮುಂದೆ ಹೋಗುತ್ತದೆ. ಆಪ್ಷನ್ ಎಕ್ಸ್‌ಪ್ಲಿಸಿಟ್ ಇದ್ದರೆ ಅಲ್ಲೇ ತಡೆದು ತೋರಿಸುತ್ತದೆ. ಸಾಲಿನ ಸಂಖ್ಯೆಗೆ ‘ಡಿಮ್ ಲಾಸ್ಟ್‌ರೋ ಆಸ್ ಲಾಂಗ್’ ಎಂದೇ ಘೋಷಿಸು. ‘ಇಂಟಿಜರ್’ 32,767 ದಾಟಿದರೆ ಓವರ್‌ಫ್ಲೋ ಎಂದು ನಿಲ್ಲುತ್ತದೆ.

ಕಿರಿಯಳು: ಉಪಶಾಖೆಯ ಪಟ್ಟಿ ಇಲ್ಲಿದೆ, ಅದರ ಪ್ರತಿಯ ಮೇಲೆ ಓಡಿಸಿ ನೋಡಲೇ? ... ನಿಂತಿತು. ದೋಷ ಸಂಖ್ಯೆ 9, ‘ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್’.

ಹಿರಿಯರು: ಜೋಡಿಸುವ ಭಾಗದಲ್ಲಿ ನಿನ್ನೆಯ ಹಾಳೆಯ ಹೆಸರು ಕೂತಿದೆ. ಇಲ್ಲಿ ಆ ಹೆಸರಿನ ಹಾಳೆ ಇಲ್ಲ. ಈ ದೋಷ ಬಂದರೆ ಮೊದಲು ಹೆಸರುಗಳನ್ನು ನೋಡಬೇಕು. ಇಳಿಸಿದ ಫೈಲಿನಲ್ಲಿ ಇರುವುದೇ ಒಂದು ಹಾಳೆಯಾದರೆ ‘ಆಕ್ಟಿವ್ ವರ್ಕ್‌ಬುಕ್’ನ ಮೊದಲ ಹಾಳೆ ಎಂದರೆ ಸಾಕು. ಮ್ಯಾಕ್ರೋ ಇರುವ ಫೈಲು ಬೇಕಾದರೆ ‘ದಿಸ್ ವರ್ಕ್‌ಬುಕ್’. ಒಂದು ಕಣ್ಣೆದುರು ಇರುವ ಫೈಲು, ಇನ್ನೊಂದು ಕೋಡಿನ ಸ್ವಂತ ಫೈಲು. ಇದೆರಡು ಅದಲುಬದಲಾದರೆ ತಪ್ಪು ಫೈಲಿನಲ್ಲಿ ಸಾಲುಗಳು ಅಳಿಸಿಹೋಗುತ್ತವೆ.

ಕಿರಿಯಳು: ಸರ್, ಈಗ ಒಂದು ಭಯ ಹುಟ್ಟಿತು. ಇದು ಅರ್ಧಕ್ಕೆ ನಿಂತಿದೆ. ಮೇಲಿನ ಮೂರು ಸಾಲು ಆಗಲೇ ಹೋಗಿವೆ. ಇನ್ನೊಮ್ಮೆ ಓಡಿಸಿದರೆ?

ಹಿರಿಯರು: ಮತ್ತೆ ಮೂರು ಸಾಲು ಹೋಗುತ್ತವೆ. ಶೀರ್ಷಿಕೆಯೂ ಇಬ್ಬರು ರೈತರೂ. ಕಂಟ್ರೋಲ್ ಝಡ್ ಒತ್ತಿದರೆ ಬರುವುದಿಲ್ಲ, ಮ್ಯಾಕ್ರೋ ಹಾಳೆಯಲ್ಲಿ ಮಾಡಿದ ಬದಲಾವಣೆಗೆ ಅನ್‌ಡೂ ಇಲ್ಲ.

ಕಿರಿಯಳು: ಹಾಗಿದ್ದರೆ ಅಳಿಸುವ ಮೊದಲೇ ನೋಡಿಕೊಳ್ಳಬೇಕು. ಇಳಿಸಿದ ಪಟ್ಟಿಯಲ್ಲಿ ಎ4ರಲ್ಲಿ ‘ದಿನಾಂಕ’ ಅಂತ ಶೀರ್ಷಿಕೆ ಇರುತ್ತದೆ. ಎ4ರಲ್ಲಿ ‘ದಿನಾಂಕ’ ಇಲ್ಲದಿದ್ದರೆ ಏನನ್ನೂ ಮುಟ್ಟದೆ ಹೊರಗೆ ಬಾ ಅನ್ನಬೇಕು. ಬರೆಯುತ್ತೇನೆ... ಇದೇನು ಸರ್, ‘ದಿನಾಂಕ’ ಅಂತ ಹಾಕಿದರೆ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತಿವೆ!

ಹಿರಿಯರು: ವಿಬಿಎ ಎಡಿಟರಿಗೆ ಕನ್ನಡ ಬರುವುದಿಲ್ಲ. ಹಾಳೆಯ ಕೋಶಗಳಲ್ಲಿ ಯುನಿಕೋಡ್ ಕನ್ನಡ ಸೊಗಸಾಗಿ ನಿಲ್ಲುತ್ತದೆ, ಕೋಡಿನ ಕಿಟಕಿ ಮಾತ್ರ ಹಳೆಯ ಕಾಲದ ಅಕ್ಷರ ಪಟ್ಟಿಗಳಲ್ಲೇ ಉಳಿದಿದೆ, ಅವುಗಳಲ್ಲಿ ಕನ್ನಡಕ್ಕೆ ಜಾಗ ಇರಲಿಲ್ಲ. ನಮ್ಮ ಕಚೇರಿಗಳಲ್ಲಿ ಮ್ಯಾಕ್ರೋ ಕಲಿಯುವವರು ಇಲ್ಲೇ ಕೈಚೆಲ್ಲುತ್ತಾರೆ. ‘ಸಿಎಚ್‌ಆರ್ ಡಬ್ಲ್ಯೂ’ ಎಂಬ ಆಜ್ಞೆಗೆ ಅಕ್ಷರದ ಸಂಖ್ಯೆ ಕೊಡಬಹುದು, 3221 ಎಂದರೆ ‘ಕ’. ಆದರೆ ಇಡೀ ಪದವನ್ನು ಹಾಗೆ ಬರೆದರೆ ಯಾರಿಗೂ ಓದಲು ಬರುವುದಿಲ್ಲ. ಅದಕ್ಕಿಂತ ಒಳ್ಳೆಯದು, ಮ್ಯಾಕ್ರೋ ಫೈಲಿನಲ್ಲೇ ಒಂದು ಹಾಳೆ ಇಡು. ಅದರ ಒಂದು ಕೋಶದಲ್ಲಿ ‘ದಿನಾಂಕ’, ಅದರ ಕೆಳಗೆ ರಾಶಿ, ಬೆಟ್ಟೆ, ಗೊರಬಲು, ಸರಕು. ಕೋಡ್ ಆ ಕೋಶವನ್ನು ಓದಿ ಹೋಲಿಸಲಿ.

ಕಿರಿಯಳು: ಇದು ಇನ್ನೂ ಒಳ್ಳೆಯದಾಯಿತು. ಹೊಸ ಬಗೆ ಬಂದರೆ ಹಾಳೆಯಲ್ಲಿ ಸೇರಿಸಿದರೆ ಆಯಿತು, ಕೋಡ್ ಮುಟ್ಟುವುದೇ ಬೇಡ. ಕೋಡ್ ಗೊತ್ತಿಲ್ಲದವರೂ ಸೇರಿಸಬಹುದು.

ಹಿರಿಯರು: ಹೋಲಿಸುವಾಗ ಒಂದು ಎಚ್ಚರ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ರಾಶಿ’ಯೂ ಯುನಿಕೋಡಿನ ‘ರಾಶಿ’ಯೂ ಕಣ್ಣಿಗೆ ಒಂದೇ, ಎಕ್ಸೆಲ್ಲಿಗೆ ಬೇರೆ ಬೇರೆ. ಪದದ ಹಿಂದೆ ಒಂದು ಸ್ಪೇಸ್ ಬಿದ್ದಿದ್ದರೂ ಬೇರೆ. ‘ಟ್ರಿಮ್’ ಹಾಕಿದರೆ ಸ್ಪೇಸ್ ಹೋಗುತ್ತದೆ. ಫಾಂಟಿನ ವಿಷಯದಲ್ಲಿ ಯುನಿಕೋಡ್ ಬಿಟ್ಟು ಬೇರೆ ಬಳಸುವುದಿಲ್ಲ ಎಂದು ಕಚೇರಿಯೇ ತೀರ್ಮಾನ ಮಾಡಬೇಕು.

ಕಿರಿಯಳು: ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಯಾಕೆ? ಈಗ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ನಿಮಿಷದಲ್ಲಿ ಇಡೀ ಕೋಡ್ ಬರೆದುಕೊಡುತ್ತದೆ. ಇಲ್ಲವೇ ಸಾಫ್ಟ್‌ವೇರಿನವರಿಗೇ ಹೇಳಿದರೆ ಆಯಿತು.

ಹಿರಿಯರು: ಕೇಳು, ಕೇಳುವುದರಲ್ಲಿ ತಪ್ಪಿಲ್ಲ. ಏನು ಕೇಳುತ್ತೀಯ?

ಕಿರಿಯಳು: ಮೇಲಿನ ಮೂರು ಸಾಲು, ಖಾಲಿ ಸಾಲು ಅಳಿಸಿ, ಬಗೆ ಪ್ರಕಾರ ಜೋಡಿಸಿ ಒಟ್ಟು ತೆಗೆ ಅಂತ... ಅಂದರೆ ಎ4ರ ಪರೀಕ್ಷೆ ಅದರಲ್ಲಿ ಬರುವುದಿಲ್ಲ. ಖಾಲಿ ಸಾಲು ಅಂದರೆ ರದ್ದಾದ ಬಿಲ್ಲು, ಬಿ ಕಾಲಂ ನೋಡಿ ಗುರುತಿಸಬೇಕು ಅಂತಲೂ ನಾನೇ ಹೇಳಬೇಕು.

ಹಿರಿಯರು: ನೀನೇ ಹೇಳಬೇಕು. ಯಂತ್ರ ಬರೆದರೂ ಪ್ರೋಗ್ರಾಮರ್ ಬರೆದರೂ ಕೆಲಸದ ಒಳಗುಟ್ಟು ಹೇಳಬೇಕಾದವಳು ಇಲ್ಲಿ ಕೂತವಳೇ. ಅವರು ಕೊಟ್ಟದ್ದನ್ನು ಓದಿ ಒಪ್ಪಬೇಕಾದವಳೂ ನೀನೇ. ಸ್ವಂತ ರೆಕಾರ್ಡಿಂಗ್ ಅನ್ನು ತಿದ್ದಿ ಕಲಿತವಳಿಗೆ ಆ ಓದು ಬರುತ್ತದೆ. ಪುಸ್ತಕದ ಮೊದಲ ಪುಟದಿಂದ ಕಲಿಯುವುದಕ್ಕಿಂತ ಇದು ಬೇಗ ಹತ್ತುತ್ತದೆ, ಯಾಕೆಂದರೆ ಪ್ರತಿ ಲೈನಿನ ಉದ್ದೇಶ ನಿನಗೆ ಮೊದಲೇ ಗೊತ್ತು. ಮುಂದೆ ಯಾವುದಕ್ಕಾದರೂ ಆಜ್ಞೆ ಗೊತ್ತಿಲ್ಲದಿದ್ದರೆ ಖಾಲಿ ಫೈಲಿನಲ್ಲಿ ಆ ಒಂದೇ ಕ್ರಿಯೆ ರೆಕಾರ್ಡ್ ಮಾಡಿ ಓದು. ರೆಕಾರ್ಡರಿನ ಶಾಶ್ವತ ಉಪಯೋಗ ಅದು.

ಕಿರಿಯಳು: ಆದರೆ ಎಲ್ಲ ಸೆಲೆಕ್ಟುಗಳನ್ನೂ ತೆಗೆಯಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೊನೆಯಲ್ಲಿ ಜೆ1 ಸೆಲೆಕ್ಟ್ ಅಂತ ಒಂದು ಇಟ್ಟಿದ್ದೇನೆ. ಓಡಿ ಮುಗಿದ ಮೇಲೆ ಒಟ್ಟು ಮೊತ್ತದ ಮೇಲೆ ಕರ್ಸರ್ ನಿಂತಿರಲಿ, ನೋಡುವವರಿಗೆ ಅನುಕೂಲ.

ಹಿರಿಯರು: ಅದು ಸರಿ, ಇರಲಿ. ಅದಕ್ಕೊಂದು ಉದ್ದೇಶ ಇದೆ. ವೇಗದ ಚಿಂತೆಯನ್ನೂ ನಾನು ಹಚ್ಚುವುದಿಲ್ಲ. ಪರದೆ ಮಿನುಗುವುದು ಕಿರಿಕಿರಿಯಾದರೆ ಆರಂಭದಲ್ಲಿ ‘ಸ್ಕ್ರೀನ್ ಅಪ್‌ಡೇಟಿಂಗ್ ಫಾಲ್ಸ್’, ಕೊನೆಯಲ್ಲಿ ‘ಟ್ರೂ’. ಇನ್ನೂರು ಮುನ್ನೂರು ಸಾಲಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಒಂದನ್ನು ಮಾತ್ರ ಎಂದೂ ಹಾಕಬೇಡ: ದೋಷ ಬಂದರೂ ಮುಂದೆ ಹೋಗು ಎನ್ನುವ ‘ಆನ್ ಎರರ್ ರೆಸ್ಯೂಮ್ ನೆಕ್ಸ್ಟ್’. ದೋಷದ ಬಾಯಿ ಮುಚ್ಚಿದರೆ ತಪ್ಪು ಒಟ್ಟು ಮೊತ್ತವಾಗಿ ಹೊರಗೆ ಬರುತ್ತದೆ.

ಕಿರಿಯಳು: ನಾನೊಂದು ಸೇರಿಸುತ್ತೇನೆ ಸರ್. ಲೆಕ್ಕದಲ್ಲಿ ನಾವು ಟ್ಯಾಲಿ ಮಾಡದೆ ಯಾವ ಪುಟವನ್ನೂ ಮುಗಿಸುವುದಿಲ್ಲ. ಇಲ್ಲಿಯೂ ಹಾಗೇ ಮಾಡಬಹುದು. ಬಗೆಗಳ ಹಾಳೆಯಲ್ಲಿರುವ ಪ್ರತಿ ಬಗೆಗೂ ಸಮ್‌ಇಫ್ ಹಾಕಿ ಮೊತ್ತ ತೆಗೆಯಲಿ. ಬಗೆವಾರು ಮೊತ್ತಗಳ ಕೂಡಿಕೆ ಒಟ್ಟು ಮೊತ್ತಕ್ಕೆ ಸರಿಹೋಗದಿದ್ದರೆ ಆ ಕೋಶ ಕೆಂಪಾಗಲಿ. ನುಡಿಯ ‘ರಾಶಿ’ ಒಂದು ನುಸುಳಿದ್ದರೂ ಅಲ್ಲೇ ಸಿಕ್ಕಿಬೀಳುತ್ತದೆ. ಸಾಫ್ಟ್‌ವೇರಿನ ದಿನದ ವರದಿಯಲ್ಲಿರುವ ಒಟ್ಟು ಮೊತ್ತವನ್ನೂ ಪಕ್ಕದಲ್ಲಿ ಟೈಪ್ ಮಾಡಿ ತಾಳೆ ನೋಡುತ್ತೇನೆ.

ಹಿರಿಯರು: ಇದು ನನಗೆ ಹೊಳೆದಿರಲಿಲ್ಲ. ಕೋಡ್ ಚೊಕ್ಕ ಮಾಡುವುದರ ಕಡೆಗೇ ನನ್ನ ಗಮನ ಇತ್ತು. ನೀನು ಹೇಳಿದ್ದು ಅದಕ್ಕಿಂತ ದೊಡ್ಡದು. ತನ್ನ ಉತ್ತರವನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಮ್ಯಾಕ್ರೋ ಮಾತ್ರ ನಂಬಿಕೆಗೆ ಅರ್ಹ.

ಕಿರಿಯಳು: ಉಳಿಸುವುದು ಎಲ್ಲಿ? ರೆಕಾರ್ಡ್ ಮಾಡುವಾಗ ಪರ್ಸನಲ್ ಮ್ಯಾಕ್ರೋ ವರ್ಕ್‌ಬುಕ್ ಅಂತ ಒಂದು ಆಯ್ಕೆ ಇತ್ತು.

ಹಿರಿಯರು: ಅದರಲ್ಲಿ ಇಟ್ಟರೆ ಈ ಕಂಪ್ಯೂಟರಿನಲ್ಲಿ ನಿನ್ನ ಲಾಗಿನ್‌ಗೆ ಮಾತ್ರ ಸಿಗುತ್ತದೆ. ನೀನು ರಜೆ ಹಾಕಿದ ದಿನ ಕೆಲಸ ನಿಲ್ಲುತ್ತದೆ. ಇದು ಕಚೇರಿಯ ಕೆಲಸ, ಪ್ರತ್ಯೇಕ ಫೈಲಿನಲ್ಲಿ ಇರಲಿ. ಎಕ್ಸ್‌ಎಲ್‌ಎಸ್‌ಎಂ ಎಂದೇ ಉಳಿಸು, ಎಕ್ಸ್‌ಎಲ್‌ಎಸ್‌ಎಕ್ಸ್ ಆದರೆ ಕೋಡ್ ಉಳಿಯುವುದಿಲ್ಲ. ಇಮೇಲಿನಲ್ಲಿ ಕಳಿಸಿದರೆ ಆ ಕಡೆ ಓಡದೆ ಇರಬಹುದು, ಇಂಟರ್ನೆಟ್ಟಿನಿಂದ ಬಂದ ಫೈಲಿನ ಮ್ಯಾಕ್ರೋವನ್ನು ಮೈಕ್ರೋಸಾಫ್ಟ್ 2022ರಿಂದ ತಡೆದು ನಿಲ್ಲಿಸುತ್ತದೆ. 1999ರಲ್ಲಿ ಮೆಲಿಸಾ ಎಂಬ ವೈರಸ್ ವರ್ಡ್ ಫೈಲಿನ ಮ್ಯಾಕ್ರೋ ಆಗಿಯೇ ಇಮೇಲಿನಲ್ಲಿ ಹರಡಿತ್ತು, ಆ ಎಚ್ಚರಕ್ಕೆ ಕಾರಣ ಇದೆ. ಯಾರೋ ಕಳಿಸಿದ ಮ್ಯಾಕ್ರೋವನ್ನು ಓದದೆ ನೀನೂ ಓಡಿಸಬೇಡ.

ಕಿರಿಯಳು: ಮೇಲೆ ವಿವರಣೆಯನ್ನೂ ಬರೆಯುತ್ತೇನೆ. ಏಕ ಉದ್ಧರಣ ಚಿಹ್ನೆ ಹಾಕಿ ಬರೆದರೆ ಕೋಡ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಅಲ್ಲವೇ? ಅಲ್ಲಿ ಕನ್ನಡ ನಿಲ್ಲುವುದಿಲ್ಲ, ಆದ್ದರಿಂದ ವಿವರ ಬಗೆಗಳ ಹಾಳೆಯಲ್ಲೇ ಇರಲಿ. ಈ ಮ್ಯಾಕ್ರೋ ಏನು ಮಾಡುತ್ತದೆ, ಯಾವ ಪಟ್ಟಿಗೆ ಮಾತ್ರ ಹೊಂದುತ್ತದೆ, ಎ4ರಲ್ಲಿ ಏನಿರಬೇಕು, ಬಿ ಕಾಲಂ ಯಾಕೆ.

ಹಿರಿಯರು: ಆ ‘ಯಾಕೆ’ಯೇ ಮುಖ್ಯ. ಏನು ಮಾಡುತ್ತದೆ ಎಂಬುದನ್ನು ಕೋಡ್ ಹೇಳುತ್ತದೆ, ಯಾಕೆ ಎಂಬುದನ್ನು ಮನುಷ್ಯರೇ ಬರೆದಿಡಬೇಕು. ಇನ್ನು ಪರೀಕ್ಷೆ ಹೇಗೆ ಮಾಡುತ್ತೀಯ?

ಕಿರಿಯಳು: ನಿನ್ನೆಯ ಪಟ್ಟಿ ಬಿಟ್ಟು ಬೇರೆ ಎಲ್ಲದರ ಪ್ರತಿಯ ಮೇಲೆ. ಕೊಯ್ಲಿನ ಕಾಲದ ತುಂಬಿದ ದಿನ, ಮಳೆಗಾಲದಲ್ಲಿ ಒಂದೇ ಬಿಲ್ಲು ಆದ ದಿನ, ರದ್ದಾದ ಬಿಲ್ಲುಗಳು ಒಂದರ ಕೆಳಗೆ ಒಂದು ಬಂದ ದಿನ, ಒಂದೂ ರದ್ದಾಗದ ದಿನ, ಬಿಲ್ಲೇ ಇಲ್ಲದ ಪಟ್ಟಿ. ಎಲ್ಲವನ್ನೂ ಕೈಯಲ್ಲಿ ಮಾಡಿದ ಲೆಕ್ಕದ ಜೊತೆ ತಾಳೆ ನೋಡುತ್ತೇನೆ. ಬಿಲ್ಲಿಲ್ಲದ ದಿನ ಲಾಸ್ಟ್‌ರೋ ಶೀರ್ಷಿಕೆಯ ಸಾಲೇ ಆಗುತ್ತದೆ, ಅದಕ್ಕೂ ಒಂದು ‘ಇಫ್’ ಬರೆಯಬೇಕು.

ಹಿರಿಯರು: ಬರೆ. ಇಂಥ ಪಟ್ಟಿ ಮಾಡಲು ಬಂತು ಎಂದ ಮೇಲೆ ನನ್ನ ಕೆಲಸ ಹೆಚ್ಚೇನೂ ಉಳಿದಿಲ್ಲ.

ಕಿರಿಯಳು: ಒಂದು ಉಳಿದಿದೆ. ಸುಧಾರಣೆ ಎಲ್ಲಿಗೆ ನಿಲ್ಲಿಸಬೇಕು? ದಿನಾ ತಿದ್ದುತ್ತಲೇ ಇರಬಹುದಲ್ಲ.

ಹಿರಿಯರು: ಒಬ್ಬ ಸದಸ್ಯ ಕೌಂಟರಿಗೆ ಬಂದು ‘ನನ್ನ ಬಿಲ್ಲು ಈ ಒಟ್ಟಿನಲ್ಲಿ ಸೇರಿದೆಯೇ, ಹೇಗೆ ಸೇರಿತು?’ ಎಂದು ಕೇಳುತ್ತಾನೆ ಎಂದುಕೊ. ‘ಕಂಪ್ಯೂಟರ್ ಹಾಗೆ ತೋರಿಸುತ್ತಿದೆ’ ಎನ್ನುವುದು ಉತ್ತರವಲ್ಲ, ಹಾಗೆ ಹೇಳುವ ಕಚೇರಿಯಲ್ಲಿ ರೈತನಿಗೆ ಮರ್ಯಾದೆ ಇಲ್ಲ. ಕೋಡಿನ ಪ್ರತಿಯೊಂದು ಲೈನ್ ಅವನ ಬಿಲ್ಲಿಗೆ ಏನು ಮಾಡಿತು ಎಂದು ಅವನ ಮಾತಿನಲ್ಲಿ ಹೇಳಲು ನಿನಗೆ ಬಂದರೆ ಅಲ್ಲಿಗೆ ನಿಲ್ಲಿಸು. ಹೇಳಲು ಬಾರದ ಲೈನ್ ಒಂದಿದ್ದರೂ ಅದನ್ನು ಅರ್ಥ ಮಾಡಿಕೊ, ಇಲ್ಲವೇ ತೆಗೆದುಹಾಕು.

ಕಿರಿಯಳು: ಹಾಗಿದ್ದರೆ ಜೋಡಿಸುವ ಭಾಗದಲ್ಲಿ ಮೂರು ಲೈನ್ ನನಗೆ ಇನ್ನೂ ತಿಳಿದಿಲ್ಲ. ಇವತ್ತಿನ ಪಟ್ಟಿಯನ್ನು ಕೈಯಲ್ಲೇ ಮಾಡುತ್ತೇನೆ. ಆ ಮೂರು ತಿಳಿದ ಮೇಲೆ ಮ್ಯಾಕ್ರೋ ಬಳಕೆಗೆ ಬರಲಿ.